ಬಿಡದಿಯ ಕಾರಿಗೆ ಬೆಲೆ ಬರೆಯೋರು ಯಾರು, ನಮ್ಮ ಸೊಪ್ಪಿಗೆ ಬರೆಯೋರು ಯಾರು?



ಹುಣಸೂರಿನ ಮೇಲೆ ಹಾದುಹೋಗುವ ಹೆದ್ದಾರಿಗೆ ಸರ್ಕಾರ ಇಟ್ಟಿರುವ ನಂಬರು 275. ಪಡುವಲಿಗೆ ಹೋದರೆ ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ ದಾಟಿ ಬಂಟ್ವಾಳ ಸೇರುತ್ತದೆ. ಮೂಡಲಿಗೆ ಹೋದರೆ ಮೈಸೂರು, ಮಂಡ್ಯ, ರಾಮನಗರ ಕಳೆದು ಬಿಡದಿ. ಆ ಬಿಡದಿಯಲ್ಲಿ 432 ಎಕರೆಯ ಒಂದು ಬೇಲಿಯೊಳಗೆ ಜಪಾನಿನ ಟೊಯೋಟ ಕಂಪನಿಯ ಕಾರ್ಖಾನೆ ಇದೆ. ನಮ್ಮ ನಾಲ್ಕು ತಾಲೂಕಿನ ಎಷ್ಟೋ ಹುಡುಗರು ಅಲ್ಲಿಗೂ ಅದರ ಸುತ್ತಲ ಬಿಡಿಭಾಗದ ಕಾರ್ಖಾನೆಗಳಿಗೂ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿ ತಯಾರಾದ ಇನ್ನೋವಾ ಕಾರುಗಳು ಶನಿವಾರ ಭಾನುವಾರ ನಮ್ಮ ಕಡೆಗೇ ತಿರುಗಿ ಬರುತ್ತವೆ. ಕಬಿನಿ ಹಿನ್ನೀರಿನ ದಡದಲ್ಲಿ ಜಮೀನು ನೋಡುವುದಕ್ಕೆ.

‘ನಮ್ಮ ಸಾಲ ನಮಗೆ ಸಾಕು, ಜಪಾನಿನ ಕಾರಿನ ಪುರಾಣ ಯಾಕೆ ಸ್ವಾಮಿ?’ ಅಂತ ನೀವು ಕೇಳಬಹುದು. ಸಾಲದ ವಿಷಯಕ್ಕೇ ಬರುತ್ತೇನೆ. ಸ್ವಲ್ಪ ತಾಳಿ.

ಮೊದಲು ಈ ಕಂಪನಿಯ ಎರಡು ಹೆಸರು ನೋಡಿ: ಟೊಯೋಟ, ಕಿರ್ಲೋಸ್ಕರ್. ಎರಡನೆಯ ಹೆಸರು ನಿಮ್ಮ ಪಂಪ್‌ಸೆಟ್ಟಿನ ಮೇಲೆ ಇದ್ದರೂ ಇರಬಹುದು. ಆ ಮನೆತನದ ಲಕ್ಷ್ಮಣರಾಯರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷ ಏರುತ್ತದೆ ಅಂತ ರೈತ ಹೆದರಿ, ಮೊದಲಿಗೆ ಕೊಳ್ಳುವವರೇ ಇರಲಿಲ್ಲವಂತೆ. ಕೊನೆಗೆ ಕೊಂಡವನೂ ರೈತನೇ. ಆ ಮನೆತನದ ಬಂಡವಾಳಕ್ಕೆ ಬುನಾದಿ ಬಿದ್ದದ್ದು ನಮ್ಮ ಉಳುಮೆಯ ಸಾಲಿನಲ್ಲಿ. ಇನ್ನೊಂದು ಸ್ವಾರಸ್ಯ ಕೇಳಿ. ಹೊಸ ಬಡಾವಣೆ ಮಾಡಬೇಕು, ಜಾಗ ಬಿಡಿ ಅಂತ ಬೆಳಗಾವಿ ಪುರಸಭೆ ಲಕ್ಷ್ಮಣರಾಯರ ಕಾರ್ಖಾನೆಯನ್ನೇ ಎಬ್ಬಿಸಿತು. ಹೀಗೆ ಒಕ್ಕಲೆದ್ದವರಿಗೆ ಔಂಧ್ ಸಂಸ್ಥಾನದ ರಾಜ ಜಾಗ ಕೊಟ್ಟ, ಸಾಲವನ್ನೂ ಕೊಟ್ಟ. 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ನಮ್ಮ ಕಾಲದಲ್ಲಿ ಒಕ್ಕಲೇಳುವ ರೈತನಿಗೆ ಯಾವ ಔಂಧ್ ರಾಜ ಇದ್ದಾನೆ, ಹೇಳಿ.

ಇನ್ನು ಟೊಯೋಟದ ಮೂಲ. ಸಕಿಚಿ ಟೊಯೋಡ ಅನ್ನುವವನು ಬಡಗಿಯ ಮಗ. ಮಗ್ಗ ಕಟ್ಟುತ್ತಾ ಕಟ್ಟುತ್ತಾ, ನೂಲು ಕಡಿದರೆ ತಾನೇ ನಿಲ್ಲುವ ಮಗ್ಗ ಮಾಡಿದ. ಅದರ ಪೇಟೆಂಟು ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ ಒಂದು ಲಕ್ಷ ಪೌಂಡಿಗೆ ಕೊಟ್ಟರು. ಮಗ ಕೀಚಿರೋ ಕಾರಿನ ಕೆಲಸಕ್ಕೆ ಕೈಹಾಕಿ 1937ರಲ್ಲಿ ಟೊಯೋಟ ಮೋಟಾರ್ ಕಂಪನಿ ಕಟ್ಟಿದ. ದೊಡ್ಡ ಕಾರ್ಖಾನೆ ಎದ್ದದ್ದು ಕೊರೊಮೊ ಅನ್ನುವ ಊರಲ್ಲಿ, 1938ರಲ್ಲಿ. ಕೊರೊಮೊ ರೇಷ್ಮೆಯ ಊರು. ರೇಷ್ಮೆಗೆ ಬೆಲೆ ಬಿದ್ದು ಊರು ಬಡವಾಗಿತ್ತು, ಕಾರ್ಖಾನೆ ಬಂದರೆ ಬದುಕುತ್ತೇವೆ ಅಂತ ಕರೆದು ಜಾಗ ಕೊಟ್ಟಿತು. 1959ರಲ್ಲಿ ಊರಿನ ಹೆಸರೇ ಹೋಗಿ ಟೊಯೋಟ ನಗರ ಅಂತ ಆಯಿತು. ರಾಮನಗರದ ಗೂಡಿನ ಮಾರುಕಟ್ಟೆಗೆ ಗಾಡಿ ಹೊಡೆದವರು ನಮ್ಮಲ್ಲೂ ಇದ್ದಾರೆ. ಅವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಸಾಲದ ವಿಷಯ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಟೊಯೋಟ ಸಾಲದಲ್ಲಿ ಮುಳುಗಿತು. ಲಾರಿ ಮಾರಿದರೆ ದುಡ್ಡು ಬರುತ್ತಿಲ್ಲ, ಆಳುಗಳಿಗೆ ಸಂಬಳವಿಲ್ಲ. 1949ರ ಕೊನೆಗೆ ದಿವಾಳಿಯ ಬಾಗಿಲಿಗೆ ಬಂದು ನಿಂತಿತ್ತು. ಆಗ ಏನಾಯಿತು? ಬ್ಯಾಂಕಿನವರು ಬಂದು ಕಾರ್ಖಾನೆಯ ಬಾಗಿಲಿಗೆ ಜಪ್ತಿ ನೋಟಿಸು ಅಂಟಿಸಿದರಾ? ತಮಟೆ ಹೊಡೆಸಿ ಹರಾಜು ಕೂಗಿದರಾ? ಇಲ್ಲ. ಜಪಾನಿನ ಕೇಂದ್ರ ಬ್ಯಾಂಕಿನ ನಗೋಯ ಶಾಖೆಯೇ ಮುಂದೆ ನಿಂತು ಇಪ್ಪತ್ತನಾಲ್ಕು ಬ್ಯಾಂಕುಗಳನ್ನು ಒಟ್ಟು ಸೇರಿಸಿ ಸಾಲ ಕೊಡಿಸಿತು. ಈ ಕಂಪನಿ ಬಿದ್ದರೆ ಇದನ್ನು ನಂಬಿದ ನೂರಾರು ಸಣ್ಣ ಕಾರ್ಖಾನೆಗಳು ಬೀಳುತ್ತವೆ ಅನ್ನುವುದು ಅವರ ಲೆಕ್ಕ. ಕಂಪನಿ ಉಳಿಯಿತು. 1950ರಲ್ಲಿ ಸಾವಿರಕ್ಕೂ ಹೆಚ್ಚು ಕೆಲಸಗಾರರು ಮನೆಗೆ ಹೋದರು. ಅದಕ್ಕೆ ಹೊಣೆ ಹೊತ್ತು ಕೀಚಿರೋ ಕೂಡ ರಾಜೀನಾಮೆ ಕೊಟ್ಟ, ಅಷ್ಟು ಮಟ್ಟಿಗೆ ಮರ್ಯಾದಸ್ಥ ಅನ್ನಬೇಕು. ಅದೇ ತಿಂಗಳು ಕೊರಿಯಾ ಯುದ್ಧ ಹತ್ತಿಕೊಂಡಿತು. ಅಮೆರಿಕದ ಸೈನ್ಯ ಲಾರಿ ಬೇಕು ಅಂತ ಬಂತು. ಕಂಪನಿ ಬದುಕಿಕೊಂಡಿತು.

ಇವತ್ತು ಜಗತ್ತಿನ ಅತಿ ದೊಡ್ಡ ಕಾರು ಕಂಪನಿ ಅದು. ಒಂದು ದಿನ ಸಾಲ ತೀರಿಸಲಾರದೆ ನಿಂತಿತ್ತು, ಬ್ಯಾಂಕುಗಳು ಕಾದವು. ಸಾಲ ತೀರಿಸಲಾಗದವನು ಸೋಮಾರಿ, ಕುಡುಕ, ಮದುವೆಗೆ ದುಂದು ಮಾಡಿದವನು ಅಂತ ನಮಗೆ ಉಪದೇಶ ಮಾಡುವ ಮಹನೀಯರು ಇದನ್ನೊಂದಿಷ್ಟು ಓದಬೇಕು. 2015ರಲ್ಲಿ ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ರೈತರು ಸಾಲುಸಾಲಾಗಿ ಪ್ರಾಣ ಕಳೆದುಕೊಂಡಾಗ ಯಾವ ಇಪ್ಪತ್ತನಾಲ್ಕು ಬ್ಯಾಂಕು ಒಟ್ಟು ಸೇರಿದವು? ಈ ರೈತ ಬಿದ್ದರೆ ಅವನನ್ನು ನಂಬಿದ ಕೂಲಿಯವನು, ಕಮ್ಮಾರ, ಅಂಗಡಿಯವನು ಎಲ್ಲ ಬೀಳುತ್ತಾರೆ ಅನ್ನುವ ಲೆಕ್ಕವನ್ನು ಯಾರು ಹಾಕಿದರು?

ಇರಲಿ. ಟೊಯೋಟ ನಮ್ಮ ದೇಶಕ್ಕೆ ಬಂದ ಬಗೆ ನೋಡೋಣ. ಮೊದಲ ಸಲ 1985ರಲ್ಲಿ ದೆಹಲಿಯ ಡಿಸಿಎಂ ಜೊತೆ ಸೇರಿ ಉತ್ತರ ಪ್ರದೇಶದ ಸೂರಜ್‌ಪುರದಲ್ಲಿ ಸಣ್ಣ ಲಾರಿ ಮಾಡಿತು. ಹೂಡಿದ್ದು ಗಿಟ್ಟಲಿಲ್ಲ, ಹತ್ತು ವರ್ಷದೊಳಗೆ ಕೈಬಿಟ್ಟು ಹೋಯಿತು. 1991ರಲ್ಲಿ ಬಾಗಿಲು ತೆರೆದರು, 1993ರಲ್ಲಿ ಕಾರಿಗೆ ಲೈಸೆನ್ಸು ಬೇಡ ಅಂದರು. 1995ರಲ್ಲಿ ಕಿರ್ಲೋಸ್ಕರರು ನೂಲು, ಮಗ್ಗದ ಯಂತ್ರಕ್ಕಾಗಿ ಟೊಯೋಡ ಮನೆತನದ ಜೊತೆ ಕೈಜೋಡಿಸಿದರು. 1997ರ ಅಕ್ಟೋಬರಿನಲ್ಲಿ ಕಾರಿನ ಕಂಪನಿ ಹುಟ್ಟಿತು. ರಾಜ್ಯದಲ್ಲಿ ಆಗ ಜೆ.ಎಚ್. ಪಟೇಲರ ಸರ್ಕಾರ. 1999ರ ಡಿಸೆಂಬರಿನಲ್ಲಿ ಉತ್ಪಾದನೆ ಶುರು, 2000ದ ಜನವರಿಗೆ ಕ್ವಾಲಿಸ್ ರಸ್ತೆಗಿಳಿಯಿತು. 2005ರಲ್ಲಿ ಇನ್ನೋವಾ. 2010ರ ಕೊನೆಗೆ ಎರಡನೇ ಕಾರ್ಖಾನೆ. 2023ರ ನವೆಂಬರಿನಲ್ಲಿ 3,300 ಕೋಟಿ ರೂಪಾಯಿಯ ಮೂರನೇ ಕಾರ್ಖಾನೆ ಸಾರಿದರು, ವರ್ಷಕ್ಕೆ ಒಂದು ಲಕ್ಷ ಕಾರಂತೆ. ಪಾಲುದಾರಿಕೆ ಅನ್ನುವ ಮಾತು ಕೇಳಲು ಚೆಂದ. ನೂರಕ್ಕೆ 89 ಜಪಾನಿನದು, 11 ಕಿರ್ಲೋಸ್ಕರದು. ವಾರಕ್ಕೆ ನಾನು ಆರು ದಿನ ಬಾವಿ ನೀರು ಹಾಯಿಸಿಕೊಂಡು ನಿಮಗೆ ಒಂದು ದಿನ ಬಿಟ್ಟರೆ ಅದನ್ನು ಪಾಲುದಾರಿಕೆ ಅನ್ನುತ್ತೀರಾ?

ಇಲ್ಲಿ ಮೈಸೂರಿನ ಒಂದು ಕಥೆ ನೆನೆಯಲೇಬೇಕು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯಿಂದ ವಿದ್ಯೆ ತಂದು, ಇರಾನಿ ಮನೆತನದವರು 1960ರ ದಶಕದ ಮೊದಲಿಗೆ ಮೈಸೂರಲ್ಲಿ ಮೋಟಾರ್ ಸೈಕಲ್ ಮಾಡತೊಡಗಿದರು. ವಿದ್ಯೆ ಅವರದ್ದು, ಕಾರ್ಖಾನೆ ಇಲ್ಲಿಯದು. ಆಮೇಲೆ ಹೆಸರನ್ನೂ ಬದಲಿಸಿ ಯೆಜ್ಡಿ ಅಂದರು. ನಮ್ಮ ಕಡೆ ಸಂತೆಗೆ, ಮದುವೆಗೆ, ಹಿಂದೆ ಮೂಟೆ ಕಟ್ಟಿಕೊಂಡು ಗಿರಣಿಗೆ ಯೆಜ್ಡಿಯಲ್ಲಿ ಹೋಗದವರು ಯಾರು? 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅದರ ಮರುವರ್ಷವೇ ಬಿಡದಿಗೆ ಟೊಯೋಟ. ಮುಚ್ಚಿದ್ದಕ್ಕೆ ಕಾರಣ ಬೇಕಾದಷ್ಟಿದ್ದವು, ಎಲ್ಲವನ್ನೂ ಪರದೇಶಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ನಾನು ಹೇಳುವುದು ಇಷ್ಟು: ವಿದ್ಯೆಯನ್ನು ಕೊಂಡು ತರುವುದು ಒಂದು ದಾರಿ, ಯಜಮಾನನನ್ನೇ ಕರೆತರುವುದು ಇನ್ನೊಂದು. ನಮ್ಮ ಸರ್ಕಾರಗಳು ಎರಡನೆಯದನ್ನು ಆರಿಸಿದವು.

ಆರಿಸುವಾಗ ಒಂದು ಷರತ್ತು ಹಾಕಿದ್ದರು, ಅದನ್ನೂ ಹೇಳಬೇಕು. 1997ರ ಡಿಸೆಂಬರಿನ ನಿಯಮದ ಪ್ರಕಾರ ಬಿಡಿಭಾಗ ಆಮದು ಮಾಡುವ ಕಾರು ಕಂಪನಿ ಮೂರು ವರ್ಷದಲ್ಲಿ ನೂರಕ್ಕೆ 50, ಐದು ವರ್ಷದಲ್ಲಿ ನೂರಕ್ಕೆ 70 ಭಾಗ ಇಲ್ಲೇ ಮಾಡಿಸಬೇಕು. ಒಳ್ಳೆಯ ನಿಯಮ. ಅಮೆರಿಕ, ಯೂರೋಪು ವಿಶ್ವ ವ್ಯಾಪಾರ ಸಂಘಟನೆಗೆ ದೂರು ಕೊಟ್ಟವು. ಅಲ್ಲಿ ನಮ್ಮ ವಿರುದ್ಧ ತೀರ್ಪಾಯಿತು, ನಿಯಮ ಹೋಯಿತು. ಅದೇ ಸಂಘಟನೆಯ ಮಾತಿಗೆ 2001ರ ಏಪ್ರಿಲ್ 1ರಂದು ನೂರಾರು ಕೃಷಿ ಸರಕುಗಳ ಆಮದಿನ ಮೇಲಿದ್ದ ಪ್ರಮಾಣದ ಕಡಿವಾಣವನ್ನೂ ತೆಗೆದರು. ಕಾರಿನ ಬಾಗಿಲೂ ತೆರೆಯಿತು, ಕಣಜದ ಬಾಗಿಲೂ ತೆರೆಯಿತು.

ಜಪಾನು ತನ್ನ ರೈತನನ್ನು ಹೇಗೆ ನಡೆಸಿಕೊಳ್ಳುತ್ತದೆ ಗೊತ್ತೆ? ಜಗತ್ತಿಗೆಲ್ಲ ಕಾರು ಮಾರುವ ಆ ದೇಶ, ಒಂದು ಮಿತಿ ದಾಟಿ ಒಳಗೆ ಬರುವ ಅಕ್ಕಿಗೆ ಕಿಲೋಗೆ 341 ಯೆನ್ ಸುಂಕ ಹಾಕುತ್ತದೆ. ಅಕ್ಕಿಯ ಬೆಲೆಗಿಂತ ಸುಂಕವೇ ಹೆಚ್ಚು. ‘ನಿಮ್ಮ ಸಂತೆ ತೆರೆಯಿರಿ, ನಮ್ಮ ಕಾರು ಬರಲಿ. ನಮ್ಮ ಗದ್ದೆಯ ಸುದ್ದಿಗೆ ಮಾತ್ರ ಬರಬೇಡಿ.’ ಬೈಯುವುದಕ್ಕೆ ಹೇಳುತ್ತಿಲ್ಲ, ಶಹಭಾಸ್ ಅನ್ನುವುದಕ್ಕೆ ಹೇಳುತ್ತಿದ್ದೇನೆ. 2025ರ ಮೇ ತಿಂಗಳಲ್ಲಿ ಅಲ್ಲಿ ಅಕ್ಕಿ ಬೆಲೆ ಏರಿ ಜನ ಒದ್ದಾಡುವಾಗ ಅಲ್ಲಿಯ ಕೃಷಿ ಮಂತ್ರಿ ‘ನಾನು ಅಕ್ಕಿ ಕೊಂಡವನೇ ಅಲ್ಲ, ಅಭಿಮಾನಿಗಳು ತಂದುಕೊಡುತ್ತಾರೆ’ ಅನ್ನುವ ಅರ್ಥದ ಮಾತಾಡಿ ಕುರ್ಚಿ ಕಳೆದುಕೊಂಡ. ನಮ್ಮಲ್ಲಿ ಮಂತ್ರಿಯಾದವರು ರೈತನ ಬಗ್ಗೆ ಆಡಿದ ಮಾತಿಗೆಲ್ಲ ಕುರ್ಚಿ ಹೋಗುವ ಹಾಗಿದ್ದರೆ ವಿಧಾನಸೌಧದಲ್ಲಿ ಕುರ್ಚಿಗಳು ಮಾತ್ರ ಇರುತ್ತಿದ್ದವು.

ಈಗ ಬೆಲೆಯ ವಿಷಯಕ್ಕೆ ಬನ್ನಿ. ಇದೇ ಮುಖ್ಯ.

2022ರ ಏಪ್ರಿಲ್ 1ರಿಂದ ತನ್ನ ಕಾರುಗಳ ಬೆಲೆಯನ್ನು ನೂರಕ್ಕೆ 4ರವರೆಗೂ ಏರಿಸುತ್ತೇವೆ ಅಂತ ಬಿಡದಿಯ ಕಂಪನಿ ಪ್ರಕಟಿಸಿತು. ಕಾರಣ ಒಂದೇ ಸಾಲು: ಕಚ್ಚಾ ಮಾಲಿನ ವೆಚ್ಚ ಹೆಚ್ಚಾಗಿದೆ. ಮುಗಿಯಿತು. ಯಾವ ಮಂಡಳಿಯ ಮುಂದೆಯೂ ನಿಲ್ಲಲಿಲ್ಲ, ಯಾವ ಆಯೋಗಕ್ಕೂ ಅರ್ಜಿ ಹಾಕಲಿಲ್ಲ. ಅದೇ ವರ್ಷ ಪೊಟ್ಯಾಷ್ ಗೊಬ್ಬರದ ಮೂಟೆ 1,700 ರೂಪಾಯಿ ಆಗಿತ್ತು. ನಮ್ಮ ಕಚ್ಚಾ ಮಾಲಿನ ವೆಚ್ಚವೂ ಹೆಚ್ಚಾಗಿತ್ತು ತಾನೆ? ಪಿರಿಯಾಪಟ್ಟಣದ ಒಬ್ಬ ಬೆಳೆಗಾರ ಹರಾಜು ಮಾರುಕಟ್ಟೆಗೆ ಹೋಗಿ, ‘ಸ್ವಾಮಿ, ಗೊಬ್ಬರ ಏರಿದೆ, ಸೌದೆ ಏರಿದೆ, ಸೊಪ್ಪು ಕಟ್ಟುವ ಹೆಣ್ಣಾಳಿನ ಕೂಲಿ ಏರಿದೆ, ಆದ್ದರಿಂದ ಇವತ್ತಿಂದ ನನ್ನ ಬೇಲಿಗೆ ನೂರಕ್ಕೆ 4 ಜಾಸ್ತಿ’ ಅಂದರೆ ಏನಾಗುತ್ತದೆ? ನಗುತ್ತಾರೆ. ಬೇಲು ಹಾಗೇ ಕೂರುತ್ತದೆ, ಸಂಜೆಗೆ ವಾಪಸು ಹೇರಿಕೊಂಡು ಬರುವ ಗಾಡಿ ಬಾಡಿಗೆಯೂ ಅವನದೇ.

ಹೊಗೆಸೊಪ್ಪಿನ ವ್ಯವಹಾರ ನಮಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. 1976ರಲ್ಲಿ ಮಂಡಳಿ ಬಂತು, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಶುರುವಾಯಿತು. ಅದಕ್ಕೆ ಮುಂಚೆ ವ್ಯಾಪಾರಿ ಹೇಳಿದ್ದೇ ದರ, ಕೊಟ್ಟಾಗಲೇ ದುಡ್ಡು. ಹರಾಜಿನಿಂದ ತೂಕ, ಪಾವತಿ ಒಂದು ಹದಕ್ಕೆ ಬಂದದ್ದು ಸುಳ್ಳಲ್ಲ. ಆದರೆ ಎಷ್ಟು ಬೆಳೆಯಬೇಕು ಅಂತ ಮೇಲಿನಿಂದ ಹೇಳುತ್ತಾರೆ, ಬ್ಯಾರನ್‌ಗೆ ಲೈಸೆನ್ಸು ಬೇಕು, ಮಿತಿಗಿಂತ ಹೆಚ್ಚು ಬೆಳೆದರೆ ದಂಡ. ಬೆಂಬಲ ಬೆಲೆ ಮಾತ್ರ ಇಲ್ಲ. ಮಾರುವವರು ಸಾವಿರಾರು, ಕೊಳ್ಳುವ ದೊಡ್ಡ ಕೈಗಳು ಬೆರಳೆಣಿಕೆ. ಕೊಳ್ಳುವ ಅತಿ ದೊಡ್ಡ ಕಂಪನಿ 1910ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಅಂತ ಹುಟ್ಟಿದ ಐಟಿಸಿ. ಅದರಲ್ಲಿ ಈಗಲೂ ಅತಿ ದೊಡ್ಡ ಪಾಲು ಲಂಡನ್ನಿನ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊದ್ದು. 2025ರ ಮೇ ತಿಂಗಳಲ್ಲಿ ಆ ಪಾಲಿನಿಂದ ನೂರಕ್ಕೆ ಎರಡೂವರೆ ಮಾತ್ರ ಮಾರಿ ಹನ್ನೆರಡು ಸಾವಿರ ಕೋಟಿಗೂ ಮೇಲೆ ಎಣಿಸಿಕೊಂಡರು. ಹಾಗಾದರೆ ಪರದೇಶಿ ಕಂಪನಿ ಬಿಡದಿಗೆ 1997ರಲ್ಲಿ ಬಂತು ಅಂತ ನಾವು ಬೆರಗಾಗಬೇಕಾಗಿಲ್ಲ. ನಮ್ಮ ಜಗುಲಿಗೆ ಅದಕ್ಕೂ ಮೊದಲೇ ಬಂದು ಕೂತಿದೆ.

ರಾಗಿಯ ಲೆಕ್ಕ ನೋಡಿ. 2022ರ ಕೊನೆಗೆ ಹೊಸ ಇನ್ನೋವಾ ಹೈಕ್ರಾಸ್ ಬಂದಾಗ ಶುರುವಿನ ಬೆಲೆ 18 ಲಕ್ಷ 30 ಸಾವಿರ. ಆ ವರ್ಷ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 3,578. ಭಾಗಿಸಿ. 511 ಕ್ವಿಂಟಾಲು. ಎಕರೆಗೆ ಹತ್ತು ಕ್ವಿಂಟಾಲು ಅಂದುಕೊಂಡರೂ 51 ಎಕರೆಯ ಬೆಳೆ, ಮನೆಗೆ ಒಂದು ಮುದ್ದೆಗೂ ಉಳಿಸದೆ. ಕೆ.ಆರ್. ನಗರದ ಗದ್ದೆಯವರು ಭತ್ತದಲ್ಲಿ ಕೊಡಬೇಕಾದರೆ, ಕ್ವಿಂಟಾಲಿಗೆ 2,040ರಂತೆ ಸುಮಾರು 897 ಕ್ವಿಂಟಾಲು. ನೆಟ್ಟಗೆ ಮಾತಾಡಬೇಕಾದರೆ ಇದನ್ನೂ ಹೇಳಬೇಕು: ಕ್ವಾಲಿಸ್ ಬಂದ 2000ದಲ್ಲಿ ರಾಗಿಗೆ ಇದ್ದ ಬೆಂಬಲ ಬೆಲೆ 445. ಕಾಗದದ ಮೇಲೆ ಅದು ಎಂಟು ಪಟ್ಟು ಏರಿದೆ. ಸರ್ಕಾರದ ಕಡೆಯವರು ಇದನ್ನೇ ಎತ್ತಿ ತೋರಿಸುತ್ತಾರೆ. ತೋರಿಸಲಿ. ಕಾರು ಕಂಪನಿ ತಾನು ಬರೆದ ಬೆಲೆಗೆ ಪ್ರತಿಯೊಂದು ಕಾರನ್ನೂ ಮಾರುತ್ತದೆ. ನಮಗೆ ಬರೆದ ಬೆಲೆ ಖರೀದಿ ಕೇಂದ್ರ ತೆರೆದರೆ ಉಂಟು, ತೆರೆಯದಿದ್ದರೆ ಇಲ್ಲ. 2021–22ರಲ್ಲಿ ರಾಗಿ ಖರೀದಿ ಸಣ್ಣ ರೈತರಿಗೆ ಮಾತ್ರ ಅಂತ ಮೊದಲು ಗೆರೆ ಎಳೆದರಲ್ಲ, ಹತ್ತು ಎಕರೆಯವನ ರಾಗಿ ರಾಗಿಯಲ್ಲವಾ? ಶುಂಠಿಗೆ, ಹೊಗೆಸೊಪ್ಪಿಗೆ ಆ ಕಾಗದದ ಬೆಲೆಯೂ ಇಲ್ಲ.

ಟೊಯೋಟದವರ ಒಂದು ವಿದ್ಯೆ ಜಗತ್ಪ್ರಸಿದ್ಧ. ಸರಕನ್ನು ಗುಡ್ಡೆ ಹಾಕಿಕೊಳ್ಳುವುದು ದಂಡ, ಬೇಕಾದ ಹೊತ್ತಿಗೆ ಬೇಕಾದಷ್ಟೇ ಬರಬೇಕು ಅನ್ನುವುದು. ಜಾಣತನ, ಒಪ್ಪೋಣ. ಆದರೆ ಗುಡ್ಡೆ ಎಲ್ಲಿಗೆ ಹೋಯಿತು? ಬಿಡಿಭಾಗ ಮಾಡುವವನ ಅಂಗಳಕ್ಕೆ. ತಡವಾದರೆ ತಪ್ಪು ಅವನದು, ಬೇಡವಾದರೆ ನಷ್ಟ ಅವನದು. ನಮ್ಮ ಸ್ಥಿತಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಬಿಡಿಭಾಗ ಕೊಳೆಯುವುದಿಲ್ಲ, ಟೊಮ್ಯಾಟೊ ಕೊಳೆಯುತ್ತದೆ.

ಒಳಗೆ ದುಡಿಯುವವರ ಪಾಡೂ ಕೇಳಿ, ಅವರೇನು ಬೇರೆ ಜಾತಿಯವರಲ್ಲ, ನಮ್ಮ ಮನೆಯ ಹುಡುಗರು. 2006ರ ಜನವರಿಯಲ್ಲಿ ಮುಷ್ಕರ, ಬೀಗಮುದ್ರೆ. 2014ರ ಮಾರ್ಚಿಯಲ್ಲಿ ಸಂಬಳದ ಜಗಳಕ್ಕೆ ಮತ್ತೆ ಬೀಗಮುದ್ರೆ, ಒಳಗೆ ಬರಬೇಕಾದರೆ ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಬೇಕು ಅಂದರು. 2020ರ ನವೆಂಬರಿನಲ್ಲಿ ಒಬ್ಬ ಕಾರ್ಮಿಕನ ಅಮಾನತಿನಿಂದ ಹೊತ್ತಿಕೊಂಡದ್ದು ಮೂರು ಸಾವಿರಕ್ಕೂ ಹೆಚ್ಚು ಜನರ ಮುಷ್ಕರವಾಯಿತು. ಮೂರು ನಿಮಿಷಕ್ಕೊಂದು ಕಾರು ಹೊರಬರುತ್ತಿದ್ದದ್ದನ್ನು ಎರಡೂವರೆ ನಿಮಿಷಕ್ಕೆ ಇಳಿಸಲು ಹೊರಟಿದ್ದಾರೆ ಅನ್ನುವುದು ಅವರ ದೂರು. ಕಂಪನಿಯವರು ಅದನ್ನು ಒಪ್ಪಲಿಲ್ಲ, ಶಿಸ್ತಿನ ಪ್ರಶ್ನೆ ಅಂದರು. ಎರಡು ಸಲ ಬೀಗ ಬಿತ್ತು, ತಿಂಗಳುಗಟ್ಟಲೆ ಎಳೆಯಿತು. ಹಳ್ಳಿಯ ಬಡ ಹುಡುಗರಿಗೆ 2007ರಿಂದ ಅಲ್ಲೇ ಒಂದು ತರಬೇತಿ ಶಾಲೆ ನಡೆಸುತ್ತಾರೆ, ಊಟ ವಸತಿ ಕೊಟ್ಟು ಕಲಿಸುತ್ತಾರೆ. ಅದು ಒಳ್ಳೆಯ ಕೆಲಸ, ಒಳ್ಳೆಯದು ಅನ್ನುವುದಕ್ಕೆ ನಮಗೇನೂ ಹೊಟ್ಟೆಯುರಿ ಇಲ್ಲ.

ಅದೇ 2020ರ ಇನ್ನೊಂದು ಸಂಗತಿ. ಸೆಪ್ಟೆಂಬರ್ 15ರಂದು ಈ ಕಂಪನಿಯ ಉಪಾಧ್ಯಕ್ಷರು, ನಿಮ್ಮ ತೆರಿಗೆ ಜಾಸ್ತಿ, ಇಲ್ಲಿ ಇನ್ನು ವಿಸ್ತರಣೆ ಮಾಡುವುದಿಲ್ಲ ಅನ್ನುವ ಮಾತಾಡಿದರು. ಅದೇ ದಿನ ಕೇಂದ್ರದ ಮಂತ್ರಿ ಪ್ರಕಾಶ್ ಜಾವಡೇಕರ್ ಓಡಿಬಂದು, ಹಾಗೇನಿಲ್ಲ, 2,000 ಕೋಟಿಗೂ ಹೆಚ್ಚು ಹಾಕುತ್ತಾರೆ ಅಂತ ಲೋಕಕ್ಕೆ ಸಾರಿದರು. ಒಬ್ಬ ಉಪಾಧ್ಯಕ್ಷರ ಒಂದು ಮಾತಿಗೆ ಒಂದೇ ದಿನದಲ್ಲಿ ಉತ್ತರ. ಅದೇ ತಿಂಗಳು ಮೂರು ಕೃಷಿ ಕಾಯ್ದೆಗಳನ್ನು ಪಾಸು ಮಾಡಿದರು. ನವೆಂಬರ್ 26ಕ್ಕೆ ರೈತರು ದೆಹಲಿಯ ಗಡಿಯಲ್ಲಿ ಕೂತರು. ಚಳಿ, ಮಳೆ, ಬಿಸಿಲು ಕಳೆದು, ನೂರಾರು ಜನ ಅಲ್ಲೇ ಸತ್ತು, ವಾಪಸು ಪಡೆಯುತ್ತೇವೆ ಅನ್ನುವ ಮಾತು ಬಂದದ್ದು 2021ರ ನವೆಂಬರ್ 19ಕ್ಕೆ. ಅವರಿಗೆ ಒಂದು ದಿನ, ನಮಗೆ ಒಂದು ವರ್ಷ.

ಕರ್ನಾಟಕದಲ್ಲಿ ಅದೇ ವರ್ಷ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿದರು. ರೈತನಲ್ಲದವನೂ ಈಗ ಹೊಲ ಕೊಳ್ಳಬಹುದು. ಮೊದಲಲ್ಲಿ ಹೇಳಿದೆನಲ್ಲ, ಎಚ್.ಡಿ. ಕೋಟೆ ಕಡೆಗೆ ಭಾನುವಾರದ ಕಾರುಗಳು ಬರುತ್ತವೆ ಅಂತ, ಅವು ಬರುವ ದಾರಿ ಇದು. ಸಾಲಗಾರನಿಗೆ ಬೆಲೆ ಕೊಡದೆ ಸೊರಗಿಸಿ, ಆಮೇಲೆ ಅವನ ಹೊಲಕ್ಕೆ ಬೆಲೆ ಕಟ್ಟುವುದು. ಆ ದುಡ್ಡು ನೋಡಿ ನಮ್ಮವರಿಗೂ ತಲೆ ತಿರುಗುತ್ತದೆ. ಎರಡು ಎಕರೆ ಮಾರಿ, ಬ್ಯಾಂಕಿನ ಸಾಲವನ್ನು ಹಾಗೇ ಇಟ್ಟು, ಮನೆ ಮುಂದೆ ಕಾರು ನಿಲ್ಲಿಸಿದವರನ್ನು ನಾನು ಬಲ್ಲೆ. ಕಾರು ಕೊಂಡ ದಿನದಿಂದ ಬೆಲೆ ಕಳೆದುಕೊಳ್ಳುತ್ತದೆ, ಮಾರಿದ ಹೊಲ ಅಂದಿನಿಂದ ಏರುತ್ತಾ ಹೋಗುತ್ತದೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಕಾರ್ಖಾನೆ ಬರಲಿ ಬಿಡಲಿ, ಅದರ ಹಿಂದೆ ನಗರ ಬರುತ್ತದೆ. 432 ಎಕರೆಯಲ್ಲಿ ಶುರುವಾದ ಬಿಡದಿ ಈಗ ಹೊಸ ನಗರ ಯೋಜನೆಯ ಹೆಸರು. ಭೈರಮಂಗಲದ ಸುತ್ತ ಸಾವಿರಾರು ಎಕರೆ ಬೇಕು ಅಂತ ಹೊರಟದ್ದಕ್ಕೆ 2025ರಲ್ಲಿ ಅಲ್ಲಿಯ ರೈತರು ಬೀದಿಗಿಳಿದರು. ಅಷ್ಟು ದೂರ ಯಾಕೆ, ನಮ್ಮ ಜಿಲ್ಲೆಯ ನಂಜನಗೂಡು ಕಡೆ ಕೈಗಾರಿಕೆಗೆ ಹೊಲ ಬಿಟ್ಟುಕೊಟ್ಟವರು ಮನೆಗೊಂದು ಕೆಲಸ ಕೊಡಿ ಅಂತ ಕಾರ್ಖಾನೆ ಮುಂದೆ ಧರಣಿ ಕೂತದ್ದನ್ನು ಕಂಡಿದ್ದೇವೆ. ಹುಣಸೂರು ರಸ್ತೆಯ ಹೂಟಗಳ್ಳಿಯಲ್ಲಿ 1980ರ ದಶಕದಿಂದ ಲಾರಿ ಆಕ್ಸಲು ಮಾಡುವ ಕಾರ್ಖಾನೆ ಇದೆ, ಅದರಲ್ಲೂ ಅಮೆರಿಕದ ಪಾಲು. ಹೂಟಗಳ್ಳಿ ಇವತ್ತು ಹಳ್ಳಿಯೇ? ಇದೇ ರಸ್ತೆ ಬಿಳಿಕೆರೆ ಮೇಲೆ ಹುಣಸೂರಿಗೆ ಬರುತ್ತದೆ.

ಹಾಗೆಂದ ಮಾತ್ರಕ್ಕೆ ಕೈಕಟ್ಟಿ ಕೂರಬೇಕಾಗಿಲ್ಲ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯವರು 1,777 ಎಕರೆಗಾಗಿ ಮೂರು ವರ್ಷಕ್ಕೂ ಮೇಲೆ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಸ್ವಾಧೀನ ಕೈಬಿಟ್ಟೆವು ಅಂದರು. ಅವರಲ್ಲೂ ಕೊಡುತ್ತೇವೆ ಅನ್ನುವವರು ಇದ್ದರು, ಬೇಡ ಅನ್ನುವವರು ಕದಲಲಿಲ್ಲ.

ಕೊನೆಗೊಂದು ಕೆಲಸದ ಮಾತು. ಕೈಗಾರಿಕೆಗೆ ಭೂಮಿ ತೆಗೆದುಕೊಳ್ಳುವುದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ಮೇಲೆ. ಮೊದಲು 28(1)ರ ಅಧಿಸೂಚನೆ ಗೆಜೆಟ್ಟಿನಲ್ಲಿ ಬರುತ್ತದೆ. ಆಮೇಲೆ 28(2)ರ ನೋಟಿಸು ನಿಮ್ಮ ಕೈಗೆ. ಕೈಗೆ ಬಂದ ದಿನದಿಂದ ಮೂವತ್ತು ದಿನದೊಳಗೆ ನಿಮ್ಮ ಆಕ್ಷೇಪಣೆ ಬರಹದಲ್ಲಿ ಹೋಗಬೇಕು. 28(4)ರ ಅಂತಿಮ ಅಧಿಸೂಚನೆ ಆಯಿತೆಂದರೆ ಭೂಮಿ ಸರ್ಕಾರದ್ದು, ಆಮೇಲೆ ಉಳಿಯುವುದು ದುಡ್ಡಿನ ಚೌಕಾಸಿ ಮಾತ್ರ. ಮನೆಯಲ್ಲಿ ಯಾರಿಲ್ಲ ಅಂತ ನೋಟಿಸನ್ನು ಪಕ್ಕದ ಮನೆಗೆ ಕೊಟ್ಟು ಹೋಗುವುದುಂಟು, ಯಾವುದೋ ಬ್ಯಾಂಕಿನ ಕಾಗದ ಅಂತ ಸೂರಿಗೆ ಸಿಕ್ಕಿಸಿಬಿಡುವುದೂ ಉಂಟು. ಓದಿಸಿ ಕೇಳಿ, ಬಂದ ತಾರೀಕನ್ನು ಅದರ ಮೇಲೆಯೇ ಬರೆದಿಡಿ. ಪಹಣಿಯಲ್ಲಿ ಸತ್ತುಹೋದ ಅಜ್ಜನ ಹೆಸರೇ ಇದ್ದರೆ ನೋಟಿಸು ಅಜ್ಜನಿಗೇ ಬರುತ್ತದೆ. ಈ ಬೇಸಿಗೆಯೊಳಗೆ ಪೌತಿ ಖಾತೆ ಮಾಡಿಸಿಕೊಳ್ಳಿ.